ಬಾಣಾವರಕ್ಕೆ ಬನ್ನಿ ಎಂದ ಕನ್ನಡಕದಮ್ಮ

ಟಿಕ್. ಸ್ವಲ್ಪ ತಡೆದು ಮತ್ತೊಂದು ಟಿಕ್. ಕಣ್ಣು ನೋಡುವಾಗ ಮೂಗಿನ ಮೇಲೆ ಕೂರಿಸುವ ಟ್ರಯಲ್ ಫ್ರೇಮಿನ ಸೀಳಿನೊಳಗೆ ಗಾಜಿನ ಬಿಲ್ಲೆ ಜಾರಿ ಕೂರುವ ಸದ್ದು ಅದು. ಅದರ ಬೆನ್ನಿಗೇ ಆಕೆಯ ದನಿ: "ಈಗ?" ಇನ್ನೊಂದು ಟಿಕ್. "ಈಗ?" ಕಡೂರಿನ ಕನ್ನಡಕದ ಅಂಗಡಿಯಲ್ಲಿ ಮರದ ಪಾರ್ಟಿಷನ್ನಿನ ಆ ಕಡೆ ಆಕೆ, ಈ ಕಡೆ ಕಂಪ್ಯೂಟರಿನ ಮುಂದೆ ನಾನು. ಐದು ವರ್ಷ ಆ ಸದ್ದಿನ ಪಕ್ಕದಲ್ಲೇ ಕೂತು ಅಂಗಡಿಯ ಕಾಗದಪತ್ರ ಟೈಪ್ ಮಾಡಿದೆ.

ಮೊನ್ನೆ ನನ್ನ ಕನ್ನಡಕ ಬದಲಾಯಿಸಲು ಬೇರೊಂದು ಕಡೆ ಹೋಗಿದ್ದೆ. ಒಂದು ಮಷೀನಿನ ಮೇಲೆ ಗಲ್ಲ ಇಡಿಸಿ ಕೂರಿಸಿದರು. ಅದು ತಾನೇ ಗುರ್ ಅಂದಿತು, ತಾನೇ ಚೀಟಿ ಕೊಟ್ಟಿತು. ಯಾರೂ "ಈಗ?" ಅಂತ ಕೇಳಲಿಲ್ಲ. ಹೊಸ ಕನ್ನಡಕದಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ತೊಂದರೆ ಅದಲ್ಲ. ಅಂದಿನಿಂದ ಮನೆಯಲ್ಲಿ ಕೂತಲ್ಲಿ ಕೂರಲಾಗುತ್ತಿಲ್ಲ. ಪೇಪರ್ ಹಿಡಿದರೆ ಎರಡು ಸಾಲಿಗೆ ಎದ್ದು ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಹೋದೆ ಅಂತ ಗೊತ್ತಾಗದೆ ವಾಪಸು ಬರುತ್ತೇನೆ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ನಾನು ಎರಡು ಸಲ ಟೈಪ್ ಮಾಡಿದ್ದೇನೆ, ಎರಡು ಸಲವೂ ಆಕೆಗೆ ಒಳ್ಳೆಯದಾಗಲಿಲ್ಲ. ಊರಿನವರು ಕರೆಯುತ್ತಿದ್ದುದು ಕನ್ನಡಕದಮ್ಮ ಅಂತ. ಅದೇ ಇರಲಿ.

ಬೀರೂರಿನ ಮುಸ್ಲಿಮರ ಮನೆಯ ಸೊಸೆ. ಮನೆಯೊಳಗೆ ದಖ್ಖನಿ, ಹೊಸಿಲು ದಾಟಿದರೆ ನಮ್ಮ ಕಡೆಯ ಅಪ್ಪಟ ಕನ್ನಡ. ನಲವತ್ತರ ಆಸುಪಾಸು. ಕಣ್ಣು ಪರೀಕ್ಷೆಯ ಡಿಪ್ಲೊಮಾ ಓದಿ, ನಾನು ಆ ಅಂಗಡಿ ಸೇರುವುದಕ್ಕೆ ಎಷ್ಟೋ ಮೊದಲೇ ಅಲ್ಲಿದ್ದವಳು. ಯಜಮಾನರಿಗೆ ಮೂರು ಅಂಗಡಿ: ಕಡೂರು, ತರೀಕೆರೆ, ಅಜ್ಜಂಪುರ. ಮೂರಕ್ಕೂ ಕಣ್ಣು ನೋಡುವವಳು ಈಕೆ ಒಬ್ಬಳೇ. ವಾರದ ಮೊದಲು ಕಡೂರು, ನಡುವೆ ತರೀಕೆರೆ, ಶನಿವಾರ ಅಜ್ಜಂಪುರ. ಒಂದು ಕಪ್ಪು ಪೆಟ್ಟಿಗೆಯಲ್ಲಿ ಗಾಜಿನ ಬಿಲ್ಲೆಗಳು, ಹೆಗಲಿನ ಚೀಲದಲ್ಲಿ ಒಂದು ಸ್ಟೀಲ್ ತಟ್ಟೆ.

ಆ ತಟ್ಟೆಯ ವಿಷಯ ಹೇಳಬೇಕು. ಗೋಡೆಯ ಮೇಲೆ ಅಕ್ಷರದ ಚಾರ್ಟು ಇದ್ದೇ ಇತ್ತು. ಆದರೆ ನಮ್ಮ ಕಡೆಯ ಮುದುಕ ಮುದುಕಿಯರು ಚಾರ್ಟಿನ ಮುಂದೆ ಸ್ಕೂಲು ಮಕ್ಕಳಂತೆ ಹೆದರುತ್ತಾರೆ. ಕೆಲವರು ಮುಂದಿನವರು ಓದುವುದನ್ನು ಕೇಳಿಸಿಕೊಂಡು ಬಾಯಿಪಾಠ ಮಾಡಿಬಿಡುತ್ತಾರೆ. ಅಮೃತಾಪುರದಿಂದ ಬಂದ ಒಬ್ಬ ತಾತ ಹಾಗೆಯೇ ಮಾಡಿ ಕೊನೆಯ ಸಾಲಿನವರೆಗೂ ಗಡಗಡ ಒಪ್ಪಿಸಿದ. ಆಕೆ ತಟ್ಟೆ ತೆಗೆದು ಅವನ ಮಡಿಲಿಗಿಟ್ಟಳು. ಅದರಲ್ಲಿ ಒಂದು ಹಿಡಿ ರಾಗಿ, ರಾಗಿಯ ನಡುವೆ ಒಂದಿಷ್ಟು ಸಾಸಿವೆ.

"ಯಜಮಾನ್ರೇ, ಇದ್ರಲ್ಲಿ ಸಾಸಿವೆ ಆರ್ಸಿ."

"ಏನಮ್ಮಾ, ನನ್ ಸೊಸೆ ಮಾಡಿಸ್ದಂಗೆ ನೀನೂ ಕೆಲ್ಸ ಮಾಡಿಸ್ತೀಯಲ್ಲ."

"ಸೊಸೆ ಕೂಲಿ ಕೊಡ್ತಾಳಾ?"

"ಎಲ್ಲಿ ಕೊಡ್ತಾಳೆ."

"ನಾನೂ ಕೊಡಲ್ಲ. ಆರ್ಸಿ."

ಅವನ ಬೆರಳು ತಟ್ಟೆಯ ಮೇಲೆ ತಡಕಾಡಿತು. ಆಕೆ ಬಿಲ್ಲೆ ಬದಲಾಯಿಸಿದಳು, ಟಿಕ್. "ಈಗ?" ಮತ್ತೆ ಟಿಕ್. ನಾಲ್ಕನೆಯದಕ್ಕೆ ತಾತ ಒಂದು ಸಾಸಿವೆ ಕಾಳನ್ನು ಉಗುರಿನಿಂದ ಎತ್ತಿ, ಅದನ್ನೇ ನೋಡುತ್ತ ಕೂತ. ಹೆಂಗಸರಾದರೆ ಸೂಜಿ ದಾರ ಕೊಡುತ್ತಿದ್ದಳು. "ಅಂದಾಜಿಗೆ ಹೇಳ್ಬೇಡಿ, ಕಂಡಿದ್ದು ಹೇಳಿ," ಇದು ಆಕೆ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದ ಮಾತು.

ಯಾರ ನಂಬರು ಎಷ್ಟು ಅಂತ ರಿಜಿಸ್ಟರ್ ನೋಡಿದವಳಲ್ಲ. ಬಸ್ಸಿನಲ್ಲಿ ಎದುರು ಕೂತವರ ಮೂಗಿನ ಮೇಲಿನ ಕಲೆ, ಅವರು ಟಿಕೆಟನ್ನು ಹಿಡಿಯುವ ದೂರ, ಇಷ್ಟು ಸಾಕು. ಒಮ್ಮೆ ನನಗೇ ಹೇಳಿದಳು: "ಮೇಡಂ, ನೀವು ಕಾಗ್ದ ಓದೋವಾಗ ಎಡಗಣ್ಣು ಕಿರಿದು ಮಾಡ್ತೀರ. ಇಂಗ್ಲಿಷ್ ಆದ್ರೆ ಮಾಡಲ್ಲ, ಕನ್ನಡ ಆದ್ರೆ ಮಾಡ್ತೀರ. ಯಾಕೆ?" ನನಗೆ ಸಿಟ್ಟು ಬಂತು. ನಿಜವೂ ಆಗಿತ್ತು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಚಿಕ್ಕಮಗಳೂರಿನ ಬೋರ್ಡಿಂಗಿನಲ್ಲಿ ಒಬ್ಬ ಸಿಸ್ಟರ್ ನಮಗೆ ಕಾಂಪೊಸಿಷನ್ ಕಲಿಸುತ್ತಿದ್ದರು. ಸೆಂಟೆನ್ಸ್ ಅಂದರೆ ತಕ್ಕಡಿ ಇದ್ದ ಹಾಗೆ, ಎರಡು ಕಡೆಯೂ ತೂಕ ಸರಿಯಾಗಿ ಕೂರಬೇಕು ಅನ್ನುತ್ತಿದ್ದರು. ಆ ಪಾಠವನ್ನು ನಾನು ಗಂಡನ ಮನೆಗೂ, ಆಮೇಲೆ ಒಂಟಿತನಕ್ಕೂ ಹೊತ್ತುಕೊಂಡು ಬಂದೆ. ಗಂಡ ಹೋದ ಮೇಲೆ ಅರ್ಧ ದಿನದ ಈ ಕೆಲಸಕ್ಕೆ ಸೇರಿದಾಗ ಯಜಮಾನರು ನಾಲ್ಕು ಜನರ ಮುಂದೆ ಹೇಳಿದ್ದರು: "ನಮ್ಮ ಮೇಡಂ ಇಂಗ್ಲಿಷ್ ಅಂದ್ರೆ ಹೈಕೋರ್ಟ್ ಇಂಗ್ಲಿಷು." ನಾನು ಆ ಮಾತನ್ನು ಎಷ್ಟು ದಿನ ಎದೆಯೊಳಗೆ ಇಟ್ಟುಕೊಂಡು ಓಡಾಡಿದೆ ಅನ್ನುವುದನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಒಂದು ದಿನ ಯಜಮಾನರು ಒಂದು ಫಾರ್ಮ್ಯಾಟು ತಂದರು. ಬೆಂಗಳೂರಿನ ಯಾವುದೋ ದೊಡ್ಡ ಕಂಪನಿಯ ಅಪಾಯಿಂಟ್‌ಮೆಂಟ್ ಲೆಟರು, ಅವರ ಷಡ್ಡಕ ಕಳಿಸಿದ್ದು. "ಇದನ್ನ ನಮಗೆ ಹೊಂದಿಸಿ ಟೈಪ್ ಮಾಡಿ ಮೇಡಂ. ಎಲ್ಲ ಬಾಯಿಮಾತಲ್ಲೇ ನಡೀತಿದೆ, ಸರಿಯಲ್ಲ." ಅದರ ಒಂಬತ್ತನೆಯ ಕಂಡಿಷನ್ ಹೀಗಿತ್ತು: ಕೆಲಸ ಬಿಟ್ಟ ಮೇಲೆ ಎರಡು ವರ್ಷ ಉದ್ಯೋಗಿಯು ಇಂಥ ಪ್ರದೇಶದಲ್ಲಿ ಇದೇ ವೃತ್ತಿಯನ್ನು ಸ್ವಂತಕ್ಕಾಗಲಿ ಬೇರೆಯವರ ಬಳಿಯಾಗಲಿ ಮಾಡತಕ್ಕದ್ದಲ್ಲ. ಪ್ರದೇಶದ ಹೆಸರಿನ ಜಾಗ ಖಾಲಿ ಇತ್ತು.

"ಕಡೂರು, ತರೀಕೆರೆ ತಾಲೂಕು ಅಂತ ಹಾಕಿ," ಅಂದರು ಯಜಮಾನರು.

"ಸಾರ್, ಅಜ್ಜಂಪುರ ಈಗ ಬೇರೆ ತಾಲೂಕು. ತರೀಕೆರೆ ಅಂದ್ರೆ ಅದು ಬರಲ್ಲ."

"ಹೌದಲ್ವಾ. ನೋಡಿ, ಅದಕ್ಕೇ ನಿಮ್ಮನ್ನ ಇಟ್ಕೊಂಡಿರೋದು."

ಕಡೂರು, ತರೀಕೆರೆ ಅಂಡ್ ಅಜ್ಜಂಪುರ. ಮೂರು ಹೆಸರು ಬಂದ ಮೇಲೆ ವಾಕ್ಯದ ಮುಂಭಾಗ ಭಾರವಾಯಿತು, ಬಾಲ ಸೊರಗಿತು. ಡೈರೆಕ್ಟ್ಲಿ ಆರ್ ಇನ್‌ಡೈರೆಕ್ಟ್ಲಿ ಅಂತ ಅಲ್ಲೇ ಇತ್ತು. ಅದಕ್ಕೆ ಜೋಡಿಯಾಗಿ ನಾನು ನನ್ನದೊಂದು ಸೇರಿಸಿದೆ: ವಿತ್ ಆರ್ ವಿತೌಟ್ ರೆಮ್ಯೂನರೇಶನ್. ಅಂದರೆ ಪ್ರತಿಫಲ ಪಡೆದೋ ಪಡೆಯದೆಯೋ. ಯಾರೂ ಕೇಳಿರಲಿಲ್ಲ. ಓದಿ ನೋಡಿದೆ. ತಕ್ಕಡಿ ಸರಿಯಾಗಿ ಕೂತಿತ್ತು.

ಸಹಿ ಮಾಡಿಸುವ ಕೆಲಸವೂ ನನ್ನದೇ. ಆಕೆ ನಿಂತುಕೊಂಡೇ ಪುಟ ತಿರುಗಿಸಿದಳು. "ಏನ್ ಮೇಡಂ ಇಷ್ಟುದ್ದ? ಮದ್ವೆ ಕಾಗ್ದಕ್ಕೂ ಇಷ್ಟು ಬರ್ದಿರ್ಲಿಲ್ಲ."

"ಫಾರ್ಮಾಲಿಟಿ ಕಣಮ್ಮ. ಎಲ್ಲಾ ಕಡೆ ಇರುತ್ತೆ."

"ಈ ಒಂಬತ್ತನೇದ್ರಲ್ಲಿ ನಮ್ಮೂರ ಹೆಸ್ರೆಲ್ಲ ಇದೆ. ಏನದು?"

"ಕೆಲಸ ಬಿಟ್ಟ ಮೇಲಿನ ಮಾತು. ನೀನೆಲ್ಲಿ ಬಿಡ್ತೀಯ."

"ನಾನೆಲ್ಲಿ ಬಿಡ್ತೀನಿ," ಅಂತ ನಕ್ಕು, ತಂದೆಯ ಹೆಸರು ಗಂಡನ ಹೆಸರು ಎರಡೂ ಸೇರಿಸಿ ಪೂರ್ತಿ ಸಹಿ ಮಾಡಿದಳು. ನಿಧಾನವಾಗಿ, ಅಕ್ಷರ ಬಿಡಿಸಿ. ಅವರಪ್ಪ ಸೌದೆ ಡಿಪೋದಲ್ಲಿ ರೈಟರ್ ಆಗಿದ್ದವರಂತೆ. ಸಹಿ ಅಂದರೆ ಅರ್ಧ ಪ್ರಮಾಣ ಅಂತ ಮಗಳಿಗೆ ಹೇಳಿಕೊಟ್ಟಿದ್ದರಂತೆ. ಅದನ್ನು ಆಕೆ ಆಗ ಹೇಳಲಿಲ್ಲ, ಬಹಳ ದಿನದ ಮೇಲೆ ಹೇಳಿದಳು.

ಬಿಟ್ಟಳು. ಎರಡೇ ವರ್ಷಕ್ಕೆ. ಯಜಮಾನರು ಕೆಟ್ಟವರು ಅಂತ ನಾನು ಹೇಳುವುದಿಲ್ಲ, ಅಂಗಡಿ ನಡೆಸುವವರು. ಗಿರಾಕಿಗಳು ಹಳೆಯ ಕನ್ನಡಕ ತಂದರೆ ಈಕೆ ಅದರ ಬಾಗಿದ ಕಡ್ಡಿ ನೆಟ್ಟಗೆ ಮಾಡಿ, ಗಾಜನ್ನು ಸೋಪಿನ ನೀರಲ್ಲಿ ತೊಳೆದು, "ಇದೇ ಇನ್ನೊಂದ್ ವರ್ಷ ಬರುತ್ತೆ, ಹೋಗಿ," ಅಂತ ಕಳಿಸಿಬಿಡುತ್ತಿದ್ದಳು.

"ಅಲ್ಲಮ್ಮ, ಅಂಗಡಿ ಇಟ್ಟಿರೋದು ಕನ್ನಡಕ ಮಾರೋಕಾ, ತೊಳೆಯೋಕಾ?" ಅಂದರು ಯಜಮಾನರು ಒಂದು ದಿನ.

"ಕಾಣ್ತಿದೆ ಸಾರ್ ಅವ್ರಿಗೆ."

"ಕಾಣ್ತಿದೆ ಅಂತ ನೀನು ಹೇಳೋಕೆ ಮುಂಚೆ, ಹೊಸಾದು ತೋರ್ಸು."

ಆಕೆ ತೋರಿಸಲಿಲ್ಲ. ಮಷೀನು ಬಂತು, ಮಷೀನಿನ ಜೊತೆ ಒಬ್ಬ ಹುಡುಗಿ ಬಂದಳು. ಈಕೆ ಒಂದು ತಿಂಗಳ ನೋಟಿಸು ಕೊಟ್ಟು, ಆ ತಿಂಗಳಿಡೀ ಹುಡುಗಿಗೆ ಕೆಲಸ ಹೇಳಿಕೊಟ್ಟು, ಬೀರುವಿನಲ್ಲಿದ್ದ ತನ್ನ ಒರಿಜಿನಲ್ ಸರ್ಟಿಫಿಕೇಟು ಕೇಳಿ ಪಡೆದು ಹೊರಟಳು. ಯಜಮಾನರೇ ಒಂದು ಸೀರೆ ಕೊಟ್ಟು ಕಳಿಸಿದರು. ಎಲ್ಲ ಚೆನ್ನಾಗಿಯೇ ಮುಗಿಯಿತು ಅಂದುಕೊಂಡೆ.

ಆಕೆ ಅಜ್ಜಂಪುರದಲ್ಲಿ ಒಂದು ಮೆಡಿಕಲ್ ಸ್ಟೋರಿನ ಪಕ್ಕದ ಕೋಣೆ ಹಿಡಿದಳು. ಕಣ್ಣು ನೋಡುವುದು, ನಂಬರು ಬರೆದುಕೊಡುವುದು, ಇಷ್ಟೇ. ಕನ್ನಡಕ ಎಲ್ಲಿ ಬೇಕಾದರೂ ಮಾಡಿಸಿಕೊಳ್ಳಿ ಅಂತ. ಎರಡನೆಯ ವಾರಕ್ಕೆಲ್ಲ ಶಿವನಿಯಿಂದ ರೈಲಿನಲ್ಲಿ ಹೆಂಗಸರು ಬರುತ್ತಿದ್ದಾರೆ ಅನ್ನುವ ಸುದ್ದಿ ನಮ್ಮ ಅಂಗಡಿಗೆ ಮುಟ್ಟಿತು.

"ಮೇಡಂ, ಆ ಒಂಬತ್ತನೇ ಕಂಡಿಷನ್ ಇರೋ ಲೆಟರು ತೆಗೀರಿ," ಅಂದರು ಯಜಮಾನರು. "ಒಂದು ನೋಟಿಸು ಹಾಕಿ. ಸ್ವಲ್ಪ ಖಾರವಾಗಿ."

ಟೈಪ್ ಮಾಡಿದೆ. ಮಾಡುವುದಿಲ್ಲ ಅನ್ನಬಹುದಿತ್ತು. ಎದ್ದು ಹೋಗಬಹುದಿತ್ತು, ನನಗೆ ಆ ಸಂಬಳದಿಂದಲೇ ಅನ್ನ ಬೇಯಬೇಕಾಗಿರಲಿಲ್ಲ. ಆದರೂ ಟೈಪ್ ಮಾಡಿದೆ, ಒಂದು ಕಾಮಾ ತಪ್ಪಿದ್ದಕ್ಕೆ ಪುಟವನ್ನೇ ಮತ್ತೆ ಪ್ರಿಂಟ್ ತೆಗೆದೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಯಿತು.

ನಾಲ್ಕು ದಿನಕ್ಕೆ ಆಕೆ ಕಡೂರಿನ ನನ್ನ ಮನೆಗೆ ಬಂದಳು. ಕವರು ಕೈಯಲ್ಲೇ ಇತ್ತು. ಕಾಫಿ ಬೇಡ ಅಂದಳು.

"ಇದು ನಿಮ್ ಇಂಗ್ಲಿಷು. ನಂಗೆ ಗೊತ್ತಾಗುತ್ತೆ."

"ಸಾರ್ ಹೇಳಿದ್ರು ಕಣಮ್ಮ..."

"ಅದು ಬಿಡಿ. ನಂಗೆ ಅರ್ಥ ಹೇಳಿ. ಎರಡು ವರ್ಷ ಈ ಮೂರು ತಾಲೂಕಲ್ಲಿ ಕಣ್ಣು ನೋಡಂಗಿಲ್ಲ ಅಂತಾನಾ?"

"ಹೌದು."

"ದುಡ್ಡು ತಗೊಳ್ದೆ ನೋಡಿದ್ರೆ?"

"ಅದೂ ಆಗಲ್ಲ. ಹಾಗಂತ ಬರೆದಿದೆ."

"ಇದ್ಯಾರು ಸೇರ್ಸಿದ್ದು? ದುಡ್ಡು ತಗೊಳ್ದೆ ನೋಡಿದ್ರೆ ಸಾರಿಗೇನ್ ನಷ್ಟ?"

"ಫಾರ್ಮ್ಯಾಟಿನಲ್ಲೇ ಇತ್ತು," ಅಂದೆ.

ಸುಳ್ಳು. ಎಪ್ಪತ್ತು ದಾಟಿದ ಹೆಂಗಸು ನಾನು, ಆಕೆಯ ಮುಖ ನೋಡಿಕೊಂಡು, ನನ್ನ ಮನೆಯ ಕುರ್ಚಿಯಲ್ಲಿ ಕೂತು ಹೇಳಿದ ಸುಳ್ಳು. ಆಗಲೇ ಆಕೆ ಅಪ್ಪನ ಮಾತು ಹೇಳಿದ್ದು, ಸಹಿ ಅಂದರೆ ಅರ್ಧ ಪ್ರಮಾಣ ಅಂತ. "ಕೇಳಿ ಸಹಿ ಮಾಡಿದ್ದು ನಾನು. ಇನ್ನೇನ್ ಮಾತಾಡ್ಲಿ." ಅದೇ ವಾರ ಅಜ್ಜಂಪುರದ ಕೋಣೆಯ ಬೀಗದ ಕೈ ವಾಪಸು ಕೊಟ್ಟಳಂತೆ. ಯಾವ ವಕೀಲರನ್ನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಂಗ್ಲಿಷಿನಲ್ಲಿ ಅಷ್ಟು ಚೆಂದವಾಗಿ ಅಚ್ಚಾಗಿರುವ ಮಾತು ಸುಳ್ಳಾಗಬಹುದು ಅಂತ ನನಗೆ ಹೊಳೆಯಲೇ ಇಲ್ಲ ನೋಡಿ.

ಅರಸೀಕೆರೆಯಲ್ಲಿ ಒಂದು ಅಂಗಡಿಯವರು ಕರೆದು ಕೆಲಸ ಕೊಟ್ಟರು. ಅದು ಹಾಸನ ಜಿಲ್ಲೆ, ನನ್ನ ಮೂರು ಹೆಸರುಗಳ ಆಚೆ. ಬೀರೂರಿನಿಂದ ಬೆಳಗಿನ ರೈಲಿಗೆ ಹತ್ತಿ, ಕಡೂರು ದಾಟಿ, ಸಂಜೆ ಅದೇ ದಾರಿಯಲ್ಲಿ ವಾಪಸು. ಕಡೂರು ಸ್ಟೇಷನ್ನಿನಲ್ಲಿ ಆಕೆಯನ್ನು ಕಂಡವರು ಬಂದು ಹೇಳುತ್ತಿದ್ದರು: "ಕನ್ನಡ್ಕದಮ್ಮ ಕಿಟಕಿ ಪಕ್ಕ ಕೂತಿದ್ರು, ಕೈ ಬೀಸಿದ್ರು." ಕೇಳಿ ನಾನು ಕೀಬೋರ್ಡಿನ ಕಡೆ ತಿರುಗುತ್ತಿದ್ದೆ.

ಬೀರೂರಿನ ಆಕೆಯ ಬೀದಿಯಲ್ಲೇ ಒಬ್ಬ ಅಜ್ಜಿ, ಪಿಂಜಾರರ ಮನೆಯವರು, ಹಾಸಿಗೆ ಹೊಲಿಯುವವರು, ಬೀದಿಯವರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಸೂಜಿ ಕಾಣುತ್ತಿಲ್ಲ ಅಂತ ಬಾಗಿಲಿಗೆ ಬಂದರಂತೆ. ಬೀರೂರು ಕಡೂರು ತಾಲೂಕಿಗೆ ಸೇರಿದ್ದು. ಈಕೆ ಬಾಗಿಲಲ್ಲೇ ನಿಂತು, "ಇಲ್ಲಿ ನೋಡಂಗಿಲ್ಲ ಖಾಲಾ, ಸಹಿ ಮಾಡಿದೀನಿ," ಅಂದಳಂತೆ. ಅಜ್ಜಿ ಬಿಡಲಿಲ್ಲ. "ಎಲ್ಲಿ ನೋಡ್ಬಹುದು ಹೇಳು, ಅಲ್ಲಿಗೇ ಬತ್ತೀನಿ."

"ಹಂಗಾದ್ರೆ ಭಾನುವಾರ ಬಾಣಾವರಕ್ಕೆ ಬನ್ನಿ."

ಬಾಣಾವರ ಅರಸೀಕೆರೆ ತಾಲೂಕು. ರೈಲಿನಲ್ಲಿ ಕಡೂರಿನಿಂದ ಆಚೆಗೆ ಹೋದರೆ ನಮ್ಮ ಗಡಿ ದಾಟಿದ ಮೇಲೆ ಸಿಗುವ ಮೊದಲ ಸ್ಟೇಷನ್ನು. ಭಾನುವಾರ ಅಂಗಡಿಗೆ ರಜೆ. ಆಕೆ ಆ ಅಜ್ಜಿಯ ಜೊತೆಗೇ ರೈಲು ಹತ್ತಿ, ಬಾಣಾವರದಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ತಟ್ಟೆ ಹರಡಿದಳು. ಮುಂದಿನ ಭಾನುವಾರ ನಾಲ್ಕು ಜನ. ಅದರ ಮುಂದಿನ ವಾರ ಹದಿನೈದು. ಯಾರಿಂದಲೂ ದುಡ್ಡು ಮುಟ್ಟಲಿಲ್ಲ.

ನಾನೂ ಒಂದು ಭಾನುವಾರ ಕಡೂರಿನಲ್ಲಿ ಆ ರೈಲು ಹತ್ತಿದೆ. ಆಕೆಯ ಡಬ್ಬಿಗೆ ಹೋಗುವ ಧೈರ್ಯವಾಗಲಿಲ್ಲ, ಎರಡು ಡಬ್ಬಿ ಹಿಂದೆ ಕೂತೆ. ತರೀಕೆರೆ ಕಡೆಯ ಹೆಂಗಸರು, ಅಜ್ಜಂಪುರದ ಹೆಂಗಸರು, ಬೀರೂರಿನಲ್ಲಿ ರೈಲು ಬದಲಾಯಿಸಿ ಬಂದವರು, ಬುತ್ತಿ ಕಟ್ಟಿಕೊಂಡು ಕೂತಿದ್ದರು. ಎದುರಿನಲ್ಲಿ ಇಬ್ಬರು ಮಾತಾಡುತ್ತಿದ್ದರು.

"ಅಲ್ಲ ಕಣೇ, ರೈಲಲ್ಲೇ ನೋಡ್ಬಿಟ್ರೆ ಆಗಲ್ವಾ?"

"ಕೇಳ್ದೆ. ಗಡಿ ದಾಟ್ಲಿ ಅಂತಾರೆ. ಕಣ್ಣು ನಂದು, ಗಡಿ ಯಾವಂದೋ."

"ಯಾರೋ ಬರ್ದವ್ರಂತೆ ಕಾಗ್ದದಲ್ಲಿ."

"ಅವ್ರ ಕಣ್ಣು ಹಿಂಗೋಗ. ಓದ್ದೋರೇ ಇರ್ಬೇಕು."

ನಾನು ಕಿಟಕಿಯಾಚೆ ನೋಡುತ್ತ ಕೂತೆ. ಬಾಣಾವರದಲ್ಲಿ ಇಳಿಯಲಿಲ್ಲ. ಕಿಟಕಿಯಿಂದಲೇ ಕಂಡೆ: ಬೆಂಚಿನ ತುದಿಯಲ್ಲಿ ಆಕೆ, ಸುತ್ತ ಸೆರಗು ಹೊದ್ದ ತಲೆಗಳು, ಒಬ್ಬ ಮುದುಕಿ ಸೂಜಿಯನ್ನು ಆಕಾಶಕ್ಕೆ ಹಿಡಿದು ದಾರ ಪೋಣಿಸುತ್ತಿದ್ದಾಳೆ. ಪೋಣಿಸಿಯಾಯಿತೋ ಇಲ್ಲವೋ, ರೈಲು ಹೊರಟುಬಿಟ್ಟಿತು. ಅರಸೀಕೆರೆವರೆಗೂ ಹೋಗಿ ಬಸ್ಸಿನಲ್ಲಿ ವಾಪಸು ಬಂದೆ.

ಸುದ್ದಿ ಯಜಮಾನರಿಗೆ ಗೊತ್ತಾಗದೆ ಇರುತ್ತದೆಯೇ. "ಇದು ಇನ್‌ಡೈರೆಕ್ಟ್ಲಿ ಅಲ್ವಾ ಮೇಡಂ? ಗಿರಾಕಿಗಳು ನಮ್ಮೋರು. ಸಂಬಳ ಇಲ್ದೆ ಆದ್ರೂ ತಪ್ಪೇ ಅಂತ ನೀವೇ ಬರ್ದಿದ್ದೀರಲ್ಲ, ಒಳ್ಳೇ ಕೆಲಸ ಮಾಡಿದ್ರಿ. ಇನ್ನೊಂದು ನೋಟಿಸು ಹಾಕಿ."

ನಾಳೆ ಹಾಕುತ್ತೇನೆ ಅಂದೆ. ಆ ದಿನವೇ ಲೆಟರಿನ ಕಾಪಿ ಬ್ಯಾಗಿನಲ್ಲಿಟ್ಟುಕೊಂಡು, ನಮ್ಮವರಿಗೆ ಪರಿಚಯವಿದ್ದ ಒಬ್ಬ ವಯಸ್ಸಾದ ವಕೀಲರ ಮನೆಗೆ ಹೋದೆ. ಅವರು ಅಂಗಳದ ಈಜಿ ಚೇರಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಸಿಪ್ಪೆ ಕೊಡವಿಕೊಂಡು ಓದಿದರು. ಒಂಬತ್ತನೆಯದನ್ನು ಎರಡು ಸಲ ಓದಿದರು.

"ಇಂಗ್ಲಿಷು ಬಹಳ ಚೆನ್ನಾಗಿದೆ," ಅಂದರು.

ನಾನು ಬ್ಯಾಗಿನ ಜಿಪ್ಪು ಎಳೆದುಕೊಂಡೆ.

"ಆದ್ರೆ ನಿಲ್ಲಲ್ಲ. ಕಾಂಟ್ರ್ಯಾಕ್ಟ್ ಆಕ್ಟ್ ಇಪ್ಪತ್ತೇಳನೇ ಸೆಕ್ಷನ್ನು. ಕೆಲಸದಲ್ಲಿ ಇರೋ ತನಕ ಬೇರೆ ಕಡೆ ದುಡೀಬೇಡ ಅನ್ನಿ, ಸರಿ. ಬಿಟ್ಟು ಹೋದ್ಮೇಲೂ ನಿನ್ನ ಕಸುಬು ಮಾಡ್ಬೇಡ ಅಂದ್ರೆ ನಮ್ಮ ಕೋರ್ಟು ಒಪ್ಪಲ್ಲ. ಎರಡು ವರ್ಷ ಆಗ್ಲಿ ಎರಡು ತಿಂಗಳಾಗ್ಲಿ, ಮೂರು ತಾಲೂಕಾಗ್ಲಿ ಒಂದು ಬೀದಿ ಆಗ್ಲಿ. ಸಹಿ ಮಾಡಿದ್ರೂ ಅಷ್ಟೇ."

"ಹಾಗಾದ್ರೆ ಇದರಲ್ಲಿ ಯಾವುದೂ ನಿಲ್ಲಲ್ವಾ?"

"ಹಂಗಲ್ಲ. ನೋಟಿಸ್ ಪೀರಿಯಡ್ ನಿಲ್ಲುತ್ತೆ, ಅದನ್ನ ಅವಳು ಮುಗಿಸಿದಾಳೆ ಅಂತೀರಿ. ಅಂಗಡಿಯ ರಿಜಿಸ್ಟರು, ಗಿರಾಕಿ ಪಟ್ಟಿ ಹೊತ್ಕೊಂಡು ಹೋಗಿದ್ರೆ ಅದು ತಪ್ಪು. ಇವರೇ ಖರ್ಚು ಹಾಕಿ ಟ್ರೈನಿಂಗ್ ಕೊಡ್ಸಿ ಬಾಂಡ್ ಬರೆಸ್ಕೊಂಡಿದ್ರೆ ಆ ಮಾತು ಬೇರೆ. ತಗೊಂಡು ಹೋಗಿದಾಳಾ ಏನಾದ್ರೂ?"

"ತಲೆಯಲ್ಲಿ ಇದೆ. ಎಲ್ಲರ ನಂಬರೂ."

"ತಲೆ ಅವಳದೇ ಅಲ್ವೇನಮ್ಮಾ." ಮತ್ತೊಂದು ಕಡಲೆಕಾಯಿ ಒಡೆದರು. "ಸಹಿ ಮಾಡೋ ಮುಂಚೆ ಯಾರೂ ನಮ್ಮ ಹತ್ರ ಬರಲ್ಲ. ಯಾರು ಬರೆದದ್ದು ಇದನ್ನ?"

ಹೇಳಿದೆ. ಆಕೆಗೆ ಹೇಳದ್ದನ್ನು ಅವರಿಗೆ ಹೇಳಿದೆ. ಅವರು ನನ್ನನ್ನು ನೋಡದೆ ಸಿಪ್ಪೆ ಗುಡಿಸಿದರು.

ಮಾರನೆಯ ದಿನ ಯಜಮಾನರ ಎದುರು ನಿಂತು ಹೇಳಿದೆ, ಈ ಕಂಡಿಷನ್ನು ನಿಲ್ಲುವುದಿಲ್ಲವಂತೆ ಅಂತ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನನ್ಗೂ ಗೊತ್ತು ಮೇಡಂ. ನಮ್ ಆಡಿಟ್ರು ಆಗ್ಲೇ ಹೇಳಿದ್ರು. ಹೆದ್ರೋರು ಇರೋ ತನಕ ನಿಲ್ಲುತ್ತೆ, ಅಷ್ಟೇ."

"ನಾನು ಟೈಪ್ ಮಾಡಲ್ಲ ಸಾರ್."

"ಬೇಡ ಬಿಡಿ. ಆ ಹುಡುಗಿ ಮಾಡ್ತಾಳೆ. ಅದೇ ಫೈಲಲ್ಲಿ ಡೇಟು ಬದಲಾಯಿಸಿ, ಬಾಣಾವರಕ್ಕೆ ಹೋಗೋರ ಹೆಸ್ರು ಸೇರಿಸಿದ್ರೆ ಆಯ್ತಲ್ಲ."

ನಿಜ. ನಾನು ಒಮ್ಮೆ ಬರೆದುಕೊಟ್ಟಿದ್ದರಿಂದ ಇನ್ನು ನಾನೇ ಬೇಕಾಗಿರಲಿಲ್ಲ. ಅಂದೇ ಕೆಲಸ ಬಿಟ್ಟೆ. ನನ್ನ ಲೆಟರಿನಲ್ಲಿ ಒಂಬತ್ತನೆಯ ಕಂಡಿಷನ್ ಇರಲಿಲ್ಲ. ನಾನು ಎದ್ದು ಬೇರೆ ಕಡೆ ಹೋಗಿ ಇವರಿಗೆ ಪೈಪೋಟಿ ಕೊಡುತ್ತೇನೆ ಅಂತ ಯಾರಿಗೂ ಭಯವಿರಲಿಲ್ಲ.

ಆಮೇಲೆ ವಕೀಲರ ಹತ್ತಿರ ಹೋಗಿ, ಅವರು ಹೇಳಿದ್ದನ್ನೇ ಬರವಣಿಗೆಯಲ್ಲಿ ಕೊಡಿ ಅಂದೆ. ಅವರು ಇಂಗ್ಲಿಷಿನಲ್ಲಿ ಡಿಕ್ಟೇಟ್ ಮಾಡಲು ಶುರು ಮಾಡಿದರು. ಬೇಡ, ಕನ್ನಡದಲ್ಲಿ ಹೇಳಿ ಅಂದೆ. ಕನ್ನಡ ಕೀಬೋರ್ಡು ನನಗೆ ಅಷ್ಟು ಬಾರದು. ಒಂದೂವರೆ ಪುಟಕ್ಕೆ ಮೂರು ದಿನ ಹಿಡಿಯಿತು. ಎಡಗಣ್ಣು ಕಿರಿದು ಮಾಡಿ ಮಾಡಿ ತಲೆ ನೋವು ಬಂತು. ವಕೀಲರು ಸಹಿ ಹಾಕಿ, ಸೀಲು ಒತ್ತಿಕೊಟ್ಟರು.

ಬೀರೂರಿಗೆ ಹೋದಾಗ ಮಧ್ಯಾಹ್ನ. ಆಕೆಯ ಮನೆಯ ಮುಂದೆ ಗೂಡ್ಸ್ ಗಾಡಿ ನಿಂತಿತ್ತು. ಅದರಲ್ಲಿ ಕಬ್ಬಿಣದ ಮಂಚ, ಗ್ಯಾಸ್ ಸಿಲಿಂಡರು, ಬಟ್ಟೆಯ ಗಂಟುಗಳು. ಮುಂದಿನ ಸೀಟಿನಲ್ಲಿ ಆಕೆಯ ಅತ್ತೆ ಆಗಲೇ ಹತ್ತಿ ಕೂತಿದ್ದರು, ಬುರ್ಖಾದ ಮೇಲೆ ಸೊಸೆಯೇ ನಂಬರು ನೋಡಿ ಮಾಡಿಸಿಕೊಟ್ಟ ಕನ್ನಡಕ. ಅರಸೀಕೆರೆಗೆ ಮನೆ ಬದಲಾಯಿಸುತ್ತಿದ್ದರು. ಗಂಡನಿಗೂ ಅಲ್ಲಿನ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಸಿಕ್ಕಿತ್ತು. ಎರಡನೆಯ ನೋಟಿಸು ಹಿಂದಿನ ವಾರ ಬಂದಿತ್ತು.

"ಬಾಣಾವರಾನೂ ನಿಲ್ಸಿದೆ ಮೇಡಂ," ಅಂದಳು, ಒಂದು ಬಕೆಟ್ಟಿಗೆ ಪಾತ್ರೆ ಜೋಡಿಸುತ್ತ. "ಆ ಹೆಂಗಸ್ರಿಗೆ ತೊಂದ್ರೆ ಆದೀತು ಅಂತ. ಅವ್ರ ಹೆಸ್ರೂ ಬರ್ದಿದಾರೆ ಅದ್ರಲ್ಲಿ."

ನಾನು ಕಾಗದ ಕೊಟ್ಟೆ. ಆಕೆ ಕೈ ಒರೆಸಿಕೊಂಡು, ಖಾಲಿ ಗೋಡೆಗೆ ಒರಗಿ ಓದಿದಳು. ನನ್ನನ್ನು ಅರ್ಥ ಕೇಳಲಿಲ್ಲ. ಮೊದಲ ಪುಟ ಮುಗಿಸಿ ಎರಡನೆಯದಕ್ಕೆ ಬಂದಳು. ಹೊರಗೆ ಗಾಡಿಯವನು ಹಾರನ್ ಮಾಡಿದ. ಆಕೆ ತಲೆ ಎತ್ತಲಿಲ್ಲ.

"ಹಂಗಾದ್ರೆ ಅಜ್ಜಂಪುರದಲ್ಲಿ ನಾನು ಕೂತ್ಕೋಬಹುದಿತ್ತು."

"ಕೂತ್ಕೋಬಹುದಿತ್ತು. ಈಗಲೂ ಕೂತ್ಕೋಬಹುದು."

"ಆ ರೂಮಲ್ಲಿ ಈಗ ಮೊಬೈಲ್ ರಿಪೇರಿ ಬಂದಿದೆ." ಹೊರಗಿನ ಗಾಡಿ ನೋಡಿ, "ಇದನ್ನ ಸಹಿ ಮಾಡೋ ದಿನ ಹೇಳ್ಬೇಕಿತ್ತು ಮೇಡಂ."

"ಆಗ ನನಗೂ ಗೊತ್ತಿರಲಿಲ್ಲ." ಅಷ್ಟಕ್ಕೆ ನಿಲ್ಲಿಸಿ ವಾಪಸು ಬಂದುಬಿಡಬಹುದಿತ್ತು. ಬರಲಾಗಲಿಲ್ಲ. "ಇನ್ನೊಂದಿದೆ. ದುಡ್ಡು ತಗೊಳ್ದೆ ನೋಡಿದ್ರೂ ತಪ್ಪು ಅಂತ ಇತ್ತಲ್ಲ, ಅದು ಫಾರ್ಮ್ಯಾಟಿನಲ್ಲಿ ಇರಲಿಲ್ಲ. ನಾನೇ ಸೇರಿಸಿದ್ದು. ಸಾರ್ ಹೇಳಿರಲಿಲ್ಲ."

"ನೀವಾ. ಯಾಕೆ?"

"ವಾಕ್ಯ ಚೆನ್ನಾಗಿ ಕೂರ್ತಿತ್ತು ಅಂತ."

ಆಕೆ ನನ್ನನ್ನು ನೋಡಿದಳು. ಗಿರಾಕಿಗಳನ್ನು ನೋಡುವ ಹಾಗೆ ಹತ್ತಿರದಿಂದ ಅಲ್ಲ, ದೂರದ ಬೋರ್ಡು ಓದುವವರ ಹಾಗೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ಒಳಗಿಂದ ಗಂಡ ದಖ್ಖನಿಯಲ್ಲಿ ಏನೋ ಕೇಳಿದ, ಆಕೆ ಅವನಿಗೆ ಉತ್ತರ ಕೊಟ್ಟಳು. ನನಗೆ ಕೊಡಲಿಲ್ಲ.

ಪಾತ್ರೆಯ ಬಕೆಟ್ಟನ್ನು ಗಾಡಿಗೆ ಏರಿಸಿ, ಅತ್ತೆಯ ಪಕ್ಕ ಹತ್ತಿ ಕೂತಳು. ಗಾಡಿ ಸ್ಟಾರ್ಟ್ ಆಯಿತು. ಕಾಗದ ಇನ್ನೂ ಆಕೆಯ ಕೈಯಲ್ಲೇ ಇತ್ತು. ಎಲ್ಲಿಡಬೇಕು ಅಂತ ತೋಚದವಳ ಹಾಗೆ ಅದನ್ನು ಮಡಿಸಿದಳು, ಮತ್ತೆ ಬಿಡಿಸಿ ಕೊನೆಯ ಪುಟದ ಕೆಳಭಾಗ ನೋಡಿದಳು.

"ಇದಕ್ಕೆ ನಾನು ಸಹಿ ಮಾಡ್ಬೇಕಾ ಮೇಡಂ?"

"ಬೇಡ," ಅಂದೆ.

"ಹಂಗಾದ್ರೆ ಇಟ್ಕೊತೀನಿ," ಅಂದಳು. ಗಾಡಿ ರೈಲ್ವೆ ಗೇಟಿನ ಕಡೆ ತಿರುಗಿತು. ಆಮೇಲೆ ನಾನು ಆಕೆಯನ್ನು ನೋಡಲಿಲ್ಲ.